ಅವ್ಯಕ್ತ, ಪಕ್ಷ, ಸಮಶೋಧನ: ಸಮೀಕರಣದ ಪರಿಭಾಷೆ

ಕುಂದಗೋಳ ತಾಲೂಕಿನ ಗುಡಗೇರಿಯಲ್ಲಿ ದೊರೆತ ಕ್ರಿ. ಶ. 1076ರ ಜೈನ ಶಾಸನವು ದತ್ತಿಭೂಮಿಯನ್ನು ಮತ್ತರುಗಳಲ್ಲಿ ಎಣಿಸುತ್ತದೆ. ಅಲ್ಲಿ ಪರಿಮಾಣಗಳೆಲ್ಲ ವ್ಯಕ್ತವಾದುವು. ತಿಳಿಯದ ಪರಿಮಾಣಕ್ಕೆ ಹೆಸರಿಟ್ಟು ಅದನ್ನು ಅರಸುವುದು ಬೀಜಗಣಿತದ ಕಾರ್ಯ. ಬ್ರಹ್ಮಗುಪ್ತನು 628ರಲ್ಲಿಯೇ ಅದನ್ನು ‘ಅವ್ಯಕ್ತ’ವೆಂದೂ ತಿಳಿದ ಸಂಖ್ಯೆಯನ್ನು ‘ರೂಪ’ವೆಂದೂ ಕರೆದನು. 1150ರ ಭಾಸ್ಕರಾಚಾರ್ಯನಲ್ಲಿ ಮೊದಲ ಅವ್ಯಕ್ತಕ್ಕೆ ‘ಯಾವತ್ತಾವತ್’, ಮುಂದಿನವಕ್ಕೆ ಕಾಲಕ, ನೀಲಕವೆಂಬ ಬಣ್ಣದ ಹೆಸರುಗಳುಂಟು. ಕನ್ನಡದಲ್ಲಿ ಗಣಿತ ಬರೆದ 12ನೆಯ ಶತಮಾನದ ರಾಜಾದಿತ್ಯನ ಗಮನವಾದರೋ, ‘ವ್ಯವಹಾರಗಣಿತ’ವೆಂಬ ಹೆಸರೇ ಹೇಳುವಂತೆ, ಲೋಕವ್ಯವಹಾರದ ಲೆಕ್ಕಗಳ ಕಡೆಗಿತ್ತು.

ನಮ್ಮ ಶಾಲಾಪುಸ್ತಕಗಳು ಅವ್ಯಕ್ತವನ್ನು ಬಿಟ್ಟು ‘ಚರಾಕ್ಷರ’ವನ್ನು ಹಿಡಿದಿವೆ. ಸಮೀಕರಣದ ಮಟ್ಟಿಗೆ ಇದು ಸಮರ್ಪಕವೆಂದು ನನಗೆ ತೋರುವುದಿಲ್ಲ. ಎರಡು ಹೊಲಗಳು ಸೇರಿ 15 ಮತ್ತರು, ಒಂದು ಇನ್ನೊಂದಕ್ಕಿಂತ 3 ಮತ್ತರು ಹಿರಿದು ಎನ್ನೋಣ. ಕಿರಿಯ ಹೊಲವು 6 ಮತ್ತರಲ್ಲದೆ ಬೇರೆಯಾಗದು. ಅದು ಚರಿಸುವುದಿಲ್ಲ, ಅಡಗಿದೆ, ಅಷ್ಟೆ.

‘ಪಕ್ಷಾಂತರ’ದ ತೊಡಕು ಇನ್ನೂ ಹೆಚ್ಚಿನದು. ಮೂರು ಆಚೆಗೆ ಹೋದೊಡನೆ ಚಿಹ್ನೆ ಬದಲಾಗುವುದೇಕೆಂದು ಕೇಳಿದರೆ ವಿದ್ಯಾರ್ಥಿಯು ನಿಯಮವನ್ನೇ ಮರಳಿ ಒಪ್ಪಿಸುವನು. ಪ್ರಾಚೀನರ ‘ಸಮಶೋಧನ’ವು ಕಾರಣವನ್ನು ಹೆಸರಿನಲ್ಲಿಯೇ ಇರಿಸಿಕೊಂಡಿದೆ: ಎರಡೂ ಪಕ್ಷಗಳಿಂದ ಸಮವಾದುದನ್ನು ಕಳೆಯುವುದು. (9ನೆಯ ಶತಮಾನದ ಅಲ್-ಖ್ವಾರಿಜ್ಮಿಯ ‘ಅಲ್-ಜಬ್ರ್’, ಎಂದರೆ ಕಳೆದ ಪದವನ್ನು ಎರಡೂ ಕಡೆ ತುಂಬಿಕೊಡುವುದು, ಯುರೋಪಿನಲ್ಲಿ ‘ಆಲ್ಜಿಬ್ರಾ’ ಆಯಿತು, ಅಲ್ಲಿಯೂ ಕ್ರಿಯೆಯೇ ಹೆಸರಾಗಿದೆ.) ನಮ್ಮ ಲೆಕ್ಕದಲ್ಲಿ ಎರಡೂ ಪಕ್ಷಗಳಿಂದ 3 ರೂಪ ಶೋಧಿಸಿದರೆ ಒಂದೆಡೆ ಎರಡು ಅವ್ಯಕ್ತ, ಇನ್ನೊಂದೆಡೆ 12 ರೂಪ ಉಳಿಯುತ್ತವೆ, ದಾಟಿ ಹೋದುದು ಯಾವುದೂ ಇಲ್ಲ.