ಭಿನ್ನರಾಶಿ ಅವಕಲ ಸಮೀಕರಣ: ಪರಿಹಾರದ ಅಸ್ತಿತ್ವ ಮತ್ತು ಅನನ್ಯತೆ

ಅವಕಲನದ ಕ್ರಮ 1, 2 ಎಂಬ ಪೂರ್ಣಾಂಕವಾಗಿರದೆ ½, 0.7ರಂಥ ಸಂಖ್ಯೆಯಾದಾಗ ಸಿಗುವುದೇ ಭಿನ್ನರಾಶಿ ಅವಕಲ ಸಮೀಕರಣ. ಕ್ರಮ ಅರ್ಧವಾದರೆ ಏನಾದೀತು ಎಂಬ ಚರ್ಚೆ 1695ರಲ್ಲೇ ಲೈಬ್ನಿಟ್ಸ್ ಲೋಪಿತಾಲ್‌ಗೆ ಬರೆದ ಪತ್ರದಲ್ಲಿದೆ. ಇಂಥ ಸಮೀಕರಣಕ್ಕೆ ಪರಿಹಾರ ಇದೆಯೇ, ಇದ್ದರೆ ಅದೊಂದೇ ಇದೆಯೇ ಎಂಬ ಎರಡು ಪ್ರಶ್ನೆಗಳ ಮೇಲೆ ಇಡೀ ಶಾಖೆ ನಿಂತಿದೆ.

ಭಿನ್ನರಾಶಿ ಕ್ರಮದ ಅಗತ್ಯವನ್ನು ಮಂಗಳೂರಿನ ಬೋಳಾರ, ಜೆಪ್ಪು ಭಾಗದ ಹಂಚಿನ ಉದ್ಯಮವೇ ತೋರಿಸಬಲ್ಲದು. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯ ದಂಡೆಯಲ್ಲಿ ಈ ಉದ್ಯಮ ಹಬ್ಬಿತು. ಅಲ್ಲಿ ಅಚ್ಚಿಗೆ ಒತ್ತುವ ಹದವಾದ ಜೇಡಿಮಣ್ಣು ಪೂರ್ತಿ ಘನವಲ್ಲ, ಪೂರ್ತಿ ದ್ರವವೂ ಅಲ್ಲ. ಸ್ಥಿತಿಸ್ಥಾಪಕ ಘನದಲ್ಲಿ ಒತ್ತಡವು ವಿರೂಪಕ್ಕೆ ಅನುಪಾತದಲ್ಲಿರುತ್ತದೆ, ಅಂದರೆ ಕ್ರಮ 0. ನ್ಯೂಟನ್ ಹೇಳಿದ ದ್ರವದಲ್ಲಿ ವಿರೂಪದ ದರಕ್ಕೆ, ಅಂದರೆ ಕ್ರಮ 1. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಮಣ್ಣು, ಜೇಡಿಗಳ ಹರಿವನ್ನು ಅಳೆಯುತ್ತ ಕೆಲಸ ಆರಂಭಿಸಿದ ಸ್ಕಾಟ್ ಬ್ಲೇರ್, 1940ರ ದಶಕದಲ್ಲಿ ಇವೆರಡರ ನಡುವಿನ ಕ್ರಮವನ್ನು ಬಳಕೆಗೆ ತಂದರು. ಭಿನ್ನರಾಶಿ ಅವಕಲನದಲ್ಲಿ ವಸ್ತುವಿನ ಹಿಂದಿನ ಇತಿಹಾಸವೆಲ್ಲ ಲೆಕ್ಕಕ್ಕೆ ಸೇರುತ್ತದೆ. ಅದರ ಬಲವೂ ತೊಡಕೂ ಅದೇ.

1967ರಲ್ಲಿ ಇಟಲಿಯ ಮಿಕೆಲೆ ಕಪುಟೊ ಮುಂದಿಟ್ಟ ವ್ಯಾಖ್ಯೆಯಲ್ಲಿ, ಕ್ರಮ 0 ಮತ್ತು 1ರ ನಡುವೆ ಇದ್ದಾಗ, ಆರಂಭದ ಬೆಲೆಯೊಂದನ್ನು ಕೊಟ್ಟರೆ ಸಾಕು. ಆಗ ಸಮೀಕರಣವನ್ನು ವೋಲ್ಟೆರಾ ಅನುಕಲ ಸಮೀಕರಣವಾಗಿ ಬರೆಯಬಹುದು. ಬಲಬದಿಯ ಉತ್ಪನ್ನ ಅವಿಚ್ಛಿನ್ನವಾಗಿದ್ದರೆ, ಸ್ವಲ್ಪ ಕಾಲದ ಮಟ್ಟಿಗಾದರೂ ಪರಿಹಾರ ಇದ್ದೇ ಇರುತ್ತದೆ. ಆ ಉತ್ಪನ್ನವು ಲಿಪ್ಷಿಟ್ಸ್ ನಿಬಂಧನೆಯನ್ನೂ, ಅಂದರೆ ಅದರ ಏರಿಳಿತವು ಬೆಲೆಯ ಏರಿಳಿತದ ಒಂದು ನಿಗದಿತ ಪಟ್ಟನ್ನು ಮೀರಬಾರದೆಂಬ ಷರತ್ತನ್ನೂ, ಪಾಲಿಸಿದರೆ ಪರಿಹಾರ ಒಂದೇ. ಡೀಟೆಲ್ಮ್ ಮತ್ತು ಫೋರ್ಡ್ ಅವರ 2002ರ ಲೇಖನ ಇದನ್ನು ವ್ಯವಸ್ಥಿತವಾಗಿ ನಿರೂಪಿಸಿತು.

ನಿಬಂಧನೆ ಮುರಿದರೆ? ಅರ್ಧ ಕ್ರಮದ ಅವಕಲನವು ಬೆಲೆಯ ವರ್ಗಮೂಲಕ್ಕೆ ಸಮ, ಆರಂಭದ ಬೆಲೆ 0 ಎನ್ನೋಣ. ಸದಾ 0 ಆಗಿಯೇ ಉಳಿಯುವುದು ಒಂದು ಪರಿಹಾರ. ಕಾಲವನ್ನು ಪೈಯಿಂದ ಗುಣಿಸಿ 4ರಿಂದ ಭಾಗಿಸಿದರೆ ಬರುವುದು ಇನ್ನೊಂದು. ಬೇಕಾದಷ್ಟು ಹೊತ್ತು 0ಯಲ್ಲೇ ಇದ್ದು ಆಮೇಲೆ ಅದೇ ಇಳಿಜಾರಿನಲ್ಲಿ ಏರುವ ಗೆರೆಗಳೂ ಸರಿ! ಪರಿಹಾರಗಳಿಗೆ ಕೊನೆಯೇ ಇಲ್ಲ.

ಸಾಮಾನ್ಯ ಅವಕಲ ಸಮೀಕರಣದಲ್ಲಿ ಚಿಕ್ಕ ಅವಧಿಗೆ ಪರಿಹಾರ ಸಿಕ್ಕರೆ, ಅದರ ಕೊನೆಯ ಬೆಲೆಯಿಂದ ಹೊಸದಾಗಿ ಹೊರಡಬಹುದು. ಇಲ್ಲಿ ಹಾಗಾಗದು, ಹಿಂದಿನದೆಲ್ಲ ಜೊತೆಗೇ ಬರುತ್ತದೆ. ಆದ್ದರಿಂದ ಸಮೀಕರಣದ ಅನುಕಲವನ್ನು ಇಡೀ ಅವಧಿಗೆ ಮತ್ತೆಮತ್ತೆ ಅನ್ವಯಿಸುತ್ತಾರೆ. ಎರಡು ಪರಿಹಾರಗಳ ವ್ಯತ್ಯಾಸಕ್ಕೆ ಪ್ರತಿ ಸುತ್ತಿಗೆ ಸಿಗುವ ಅಂದಾಜು, ವೇಗವಾಗಿ ಬೆಳೆಯುವ ಗಾಮಾ ಉತ್ಪನ್ನದಿಂದ ಭಾಗವಾಗುತ್ತ ಕೊನೆಗೆ 0ಯತ್ತ ಕುಗ್ಗುತ್ತದೆ; ಅನನ್ಯತೆ ಸಾಧಿತವಾಗುತ್ತದೆ. ಆ ಅಂದಾಜುಗಳ ಮೊತ್ತವೇ ಸ್ವೀಡನ್ನಿನ ಮಿಟ್ಟಾಗ್-ಲೆಫ್ಲರ್ 1903ರಲ್ಲಿ ಪರಿಚಯಿಸಿದ ಉತ್ಪನ್ನ. ಈ ಸಾಧನೆ ನಿಜಕ್ಕೂ ಸುಂದರ.

ಕರ್ನಾಟಕದಲ್ಲಿ ಪಿ. ವೀರೇಶ ಹಾಗೂ ದಾವಣಗೆರೆ ವಿಶ್ವವಿದ್ಯಾಲಯದ ಡಿ. ಜಿ. ಪ್ರಕಾಶ ಈ ಕ್ಷೇತ್ರದಲ್ಲಿ ದುಡಿದಿದ್ದಾರೆ. 2020ರಲ್ಲಿ ವಿದೇಶಿ ಸಹಲೇಖಕರೊಡನೆ ಕೊರೊನಾ ಸೋಂಕಿನ ಮಾದರಿಯೊಂದನ್ನು ಕಪುಟೊ ಅವಕಲನದಲ್ಲಿ ಪರಿಶೀಲಿಸಿದರು. ಅವರ ಹಲವು ಲೇಖನಗಳಲ್ಲಿ ಸ್ಥಿರಬಿಂದು ಪ್ರಮೇಯದ ಮೂಲಕ ಅಸ್ತಿತ್ವ, ಅನನ್ಯತೆಗಳ ಸಾಧನೆಯೂ ಇದೆ. ಇಂಥ ಮಾದರಿಗಳ ನಕ್ಷೆ, ಅಂಕಿಗಳನ್ನು ನೋಡುವ ವಿದ್ಯಾರ್ಥಿಗಳು ಮೊದಲು ಲಿಪ್ಷಿಟ್ಸ್ ನಿಬಂಧನೆ ಯಾವ ವ್ಯಾಪ್ತಿಯಲ್ಲಿ ನಿಲ್ಲುತ್ತದೆ ಎಂಬ ಪುಟವನ್ನು ಓದಬೇಕು.