ದೂರವಾಣಿಯ ದಫ್ತರವೂ ಪ್ರಜೆಯ ಏಕಾಂತವೂ

ಪ್ರಜೆಯ ದೇಹ, ಗೃಹ, ಕಾಗದಪತ್ರಗಳನ್ನು ಸರ್ಕಾರವು ಯುಕ್ತಕಾರಣವಿಲ್ಲದೆ ಶೋಧಿಸಕೂಡದೆಂಬುದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗಕ್ಕೆ 1791ರಲ್ಲಿ ಸೇರಿದ ನಾಲ್ಕನೆಯ ತಿದ್ದುಪಡಿಯ ವಿಧಿ. ಅದನ್ನು ರಚಿಸಿದವರ ಕಣ್ಣಮುಂದೆ ಇದ್ದುದು ಮನೆಯ ಬಾಗಿಲು, ಬೀಗ ಹಾಕಿದ ಪೆಟ್ಟಿಗೆ. ದೂರವಾಣಿಯು ಬಂದಮೇಲೆ ಬೇರೊಂದು ಪ್ರಶ್ನೆಯು ಹುಟ್ಟಿತು. ಯಾರು ಯಾರನ್ನು ಯಾವ ಹೊತ್ತಿನಲ್ಲಿ ಕರೆದರು, ಎಷ್ಟು ಕಾಲ ಮಾತನಾಡಿದರು ಎಂಬ ಲೆಕ್ಕವಿರುವುದು ಕಂಪೆನಿಯ ದಫ್ತರದಲ್ಲಿ. ಆ ದಫ್ತರಕ್ಕೂ ಈ ವಿಧಿಯ ರಕ್ಷಣೆಯುಂಟೆ?

ಇದಕ್ಕೆ ಉತ್ತರವು ಒಂದು ಸುಲಿಗೆಯ ಮೊಕದ್ದಮೆಯಿಂದ ಬಂದಿತು. 1976ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸುಲಿಗೆಗೊಳಗಾದ ಸ್ತ್ರೀಯೊಬ್ಬಳಿಗೆ ಸುಲಿಗೆಗಾರನೇ ದೂರವಾಣಿಯಲ್ಲಿ ಕಿರುಕುಳ ಕೊಡತೊಡಗಿದನು. ಪೋಲೀಸರು ನ್ಯಾಯಾಧೀಶರ ಅಪ್ಪಣೆಯನ್ನು ಪಡೆಯದೆಯೇ, ಶಂಕಿತನು ಕರೆಯುವ ಸಂಖ್ಯೆಗಳನ್ನು ಗುರುತಿಸುವ ಯಂತ್ರವನ್ನು ಕಂಪೆನಿಯಿಂದ ಇಡಿಸಿದರು, ಅವನು ಸಿಕ್ಕಿಬಿದ್ದನು. 'ಸ್ಮಿತ್ ವಿರುದ್ಧ ಮೇರಿಲ್ಯಾಂಡ್' ಎಂಬ ಆ ಮೊಕದ್ದಮೆಯಲ್ಲಿ 1979ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾನಾಗಿಯೇ ಕಂಪೆನಿಗೆ ತಿಳಿಸಿದ ಸಂಖ್ಯೆಯು ಗುಟ್ಟಾಗಿ ಉಳಿಯಬೇಕೆಂದು ಪ್ರಜೆಯು ನಿರೀಕ್ಷಿಸಲಾಗದೆಂದು ಐವರ ಬಹುಮತದಿಂದ ತೀರ್ಪಿತ್ತಿತು. ಮೂವರು ಭಿನ್ನಮತೀಯರಾದರು. ಬೇರೆ ದಾರಿಯೇ ಇಲ್ಲದೆಡೆ ಸ್ವೇಚ್ಛೆಯ ಮಾತೆಲ್ಲಿಯದೆಂಬುದು ಅವರಲ್ಲೊಬ್ಬರಾದ ನ್ಯಾಯಮೂರ್ತಿ ತರ್ಗುಡ್ ಮಾರ್ಷಲ್ಲರ ಆಕ್ಷೇಪ.

2001ರ ಸೆಪ್ಟೆಂಬರಿನ ಘೋರ ದಾಳಿಯ ತರುವಾಯ ಹೊಸ ಶಾಸನವೊಂದು ಹುಟ್ಟಿತು. ಅದರ 215ನೆಯ ವಿಧಿಯನ್ನಾಧರಿಸಿ 2006ರಿಂದ ರಹಸ್ಯ ನ್ಯಾಯಾಲಯದ ಆಜ್ಞೆಯ ಮೇರೆಗೆ, ಅಪರಾಧಿ ನಿರಪರಾಧಿಗಳೆಂಬ ಭೇದವಿಲ್ಲದೆ ಜನರ ಕರೆಗಳ ಲೆಕ್ಕವು ಸರ್ಕಾರದ ಭಂಡಾರಕ್ಕೆ ಹರಿಯಿತು. ಅಲ್ಲಿ ಐದು ವರ್ಷಗಳ ಕಾಲ ಉಳಿಯಿತು. 2013ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಸ್ನೋಡನ್ ಹೊರಗೆಡಹಿದ ಪತ್ರಗಳಿಂದ ಲೋಕಕ್ಕೆ ಇದು ತಿಳಿಯಿತು.

ಸರ್ಕಾರದ ಸಮರ್ಥನೆಗೆ ಆ ಹಳೆಯ ತೀರ್ಪೇ ಆಧಾರ. ಅದು ಸ್ಥಾಲೀಪುಲಾಕನ್ಯಾಯ: ಒಂದು ಅಗುಳನ್ನು ಹಿಸುಕಿ ಮಡಕೆಯ ಅನ್ನವೆಲ್ಲ ಬೆಂದಿತೆನ್ನುವಂತೆ, ಒಬ್ಬನ ಲೆಕ್ಕಕ್ಕಿಲ್ಲದ ರಕ್ಷಣೆಯು ಕೋಟ್ಯಂತರ ಜನರ ಲೆಕ್ಕಕ್ಕೂ ಇಲ್ಲವೆಂಬ ವಾದ. ಆದರೆ ಇಲ್ಲಿ ರಾಶಿಯು ಬಿಡಿಯಂತಲ್ಲ. ಒಂದು ಕರೆಯಿಂದ ತಿಳಿಯುವುದು ಒಂದು ಸಂಖ್ಯೆ. ಐದು ವರ್ಷಗಳ ಕರೆಗಳಿಂದ ವೈದ್ಯನಾರು, ವಕೀಲನಾರು, ಮತವಾವುದು, ಸ್ನೇಹವಾರೊಡನೆ ಎಂಬುದೆಲ್ಲ ಒಂದು ಮಾತನ್ನೂ ಕೇಳದೆಯೇ ತಿಳಿಯುವುದು. ಹುಲ್ಲೆಳೆಗಿಲ್ಲದ ಬಲವು ಹುಲ್ಲಿನ ಹಗ್ಗಕ್ಕುಂಟು.

ನ್ಯಾಯಾಧೀಶರಲ್ಲಿಯೂ ಒಮ್ಮತವಿರಲಿಲ್ಲ. 2013ರ ಡಿಸೆಂಬರ್ 16ರಂದು ವಾಷಿಂಗ್ಟನ್ನಿನಲ್ಲಿ ರಿಚರ್ಡ್ ಲಿಯಾನರು ಈ ಸಂಗ್ರಹವು ರಾಜ್ಯಾಂಗಕ್ಕೆ ವಿರುದ್ಧವಾಗಿರುವ ಸಂಭವವೇ ಹೆಚ್ಚೆಂದರು. ಹನ್ನೊಂದೇ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಪಾಲಿಯವರು ಇದು ಶಾಸನಬದ್ಧವೆಂದರು. 2015ರ ಮೇ 7ರಂದು ನ್ಯೂಯಾರ್ಕಿನ ಮೇಲ್ಮನವಿಯ ನ್ಯಾಯಾಲಯವು ರಾಜ್ಯಾಂಗದ ಪ್ರಶ್ನೆಯನ್ನು ಬದಿಗಿರಿಸಿ, 215ನೆಯ ವಿಧಿಯು ಇಂತಹ ಸಗಟು ಸಂಗ್ರಹಕ್ಕೆ ಅಧಿಕಾರವನ್ನೇ ಕೊಟ್ಟಿಲ್ಲವೆಂದು ನಿರ್ಣಯಿಸಿತು. ಮರುತಿಂಗಳೇ ಬಂದ ಹೊಸ ಶಾಸನದ ಪ್ರಕಾರ ಲೆಕ್ಕವು ಕಂಪೆನಿಗಳಲ್ಲಿಯೇ ಉಳಿಯತಕ್ಕದ್ದಾಗಿದ್ದಿತು. ನಿರ್ದಿಷ್ಟವಾದ ಕೋರಿಕೆಗೆ ನ್ಯಾಯಾಲಯವು ಒಪ್ಪಿದರೆ ಮಾತ್ರ ಸರ್ಕಾರಕ್ಕೆ ಸಲ್ಲತಕ್ಕದ್ದೆಂಬ ಈ ಏರ್ಪಾಡು 2020ರವರೆಗೆ ಇದ್ದಿತು.

2018ರಲ್ಲಿ ಕಾರ್ಪೆಂಟರನ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಒಬ್ಬನ ದೂರವಾಣಿಯು 127 ದಿನಗಳಲ್ಲಿ ಉಳಿಸಿದ 12,898 ಸ್ಥಳಸೂಚನೆಗಳನ್ನು ಸರ್ಕಾರವು ಪಡೆದಿದ್ದಿತು. ಇಂತಹ ಲೆಕ್ಕಕ್ಕೆ ಸಾಮಾನ್ಯವಾಗಿ ಶೋಧನೆಯ ವಾರಂಟು ಅವಶ್ಯಕವೆಂದು ಐವರು ನ್ಯಾಯಮೂರ್ತಿಗಳು ಒಪ್ಪಿದರು, ನಾಲ್ವರು ಒಪ್ಪಲಿಲ್ಲ. 1979ರ ತೀರ್ಪನ್ನು ಅವರು ರದ್ದುಮಾಡಲಿಲ್ಲ. ಅದರ ಎಲ್ಲೆಯನ್ನು ತೋರಿಸಿದರು. ಒಬ್ಬ ಸುಲಿಗೆಗಾರನನ್ನು ಹಿಡಿಯಲು ಸಾಕಾದ ನ್ಯಾಯವು ಇಡಿಯ ಜನಾಂಗವನ್ನು ಲೆಕ್ಕದಲ್ಲಿ ಕಟ್ಟಿಡಲು ಸಾಲದೆಂಬುದೇ ಈ ದೀರ್ಘವಿವಾದದ ಫಲಿತಾರ್ಥ.