ಒಂದು ಫೈಲ್ ಹಾಕಿದರೆ ವೆಬ್‌ಸೈಟ್‌ಗೆ ಬಾಟ್‌ಗಳ ಕಾಟ ತಪ್ಪುತ್ತದೆಯೇ?

"ವೆಬ್‌ಸೈಟ್‌ನಲ್ಲಿ ಎರಡು ಸಾಲಿನ ಫೈಲ್ ಹಾಕಿದರೆ ಸಾಕು, ನಿಮ್ಮ ಬರಹ, ಫೋಟೋಗಳನ್ನು ಯಾವ ಎಐ ಕಂಪನಿಯೂ ಮುಟ್ಟಲಾರದು" ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದು ನಿಜವೇ? ಅರ್ಧ ಮಾತ್ರ ನಿಜ. ಏಕೆಂದು ನೋಡೋಣ.

ಬಾಟ್ ಎಂದರೇನು?

ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡಿದು ಹೋಗುತ್ತಾ, ಕಂಡದ್ದನ್ನೆಲ್ಲ ನಕಲು ಮಾಡಿಕೊಳ್ಳುವ ತಂತ್ರಾಂಶವೇ ಕ್ರಾಲರ್ ಅಥವಾ ಬಾಟ್. ಎಲ್ಲ ಬಾಟ್‌ಗಳೂ ಕೆಟ್ಟವಲ್ಲ. ಗೂಗಲ್‌ಬಾಟ್ ನಿಮ್ಮ ಪುಟವನ್ನು ಓದುವುದರಿಂದಲೇ ಅದು ಹುಡುಕಾಟದಲ್ಲಿ ಸಿಗುತ್ತದೆ. ಓಪನ್‌ಎಐ ಕಂಪನಿಯ ಜಿಪಿಟಿಬಾಟ್ ಎಐ ತರಬೇತಿಗೆ ಪಠ್ಯ ಸಂಗ್ರಹಿಸುತ್ತದೆ. ಇನ್ನು ಕೆಲವು ಇಮೇಲ್ ವಿಳಾಸ, ಫೋನ್ ನಂಬರ್ ಹೆಕ್ಕಲೆಂದೇ ಬರುತ್ತವೆ.

ಆ ಫೈಲ್ ಮಾಡುವುದೇನು?

ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಈ ಫೈಲ್‌ನ ಪದ್ಧತಿಯನ್ನು 1994ರಲ್ಲಿ ಮಾರ್ಟಿನ್ ಕೋಸ್ಟರ್ ಸೂಚಿಸಿದರು. 2022ರಲ್ಲಿ ಅದು ಅಂತರ್ಜಾಲದ ಅಧಿಕೃತ ಮಾನದಂಡವಾಯಿತು. ಯಾವ ಬಾಟ್ ಯಾವ ಪುಟಕ್ಕೆ ಬರಬಾರದು ಎಂದು ಅದರಲ್ಲಿ ಬರೆಯಬಹುದು. ಆದರೆ ಅದು ಕೋರಿಕೆಯೇ ಹೊರತು ಬೀಗವಲ್ಲ. "ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ" ಎಂಬ ಬೋರ್ಡ್ ಇದ್ದಂತೆ. ಮರ್ಯಾದಸ್ಥರು ಪಾಲಿಸುತ್ತಾರೆ, ಉಳಿದವರು ಅಲ್ಲೇ ನಿಲ್ಲಿಸಿ ಹೋಗುತ್ತಾರೆ.

ಎಲ್ಲಿ ತಪ್ಪಾಗುತ್ತದೆ?

- ಎಲ್ಲ ಬಾಟ್‌ಗಳಿಗೂ ಒಟ್ಟಿಗೆ ಬೇಡ ಎಂದರೆ ಗೂಗಲ್‌ಬಾಟ್ ಕೂಡ ಹೊರಗುಳಿಯುತ್ತದೆ. ಆಗ ನಿಮ್ಮ ಬರಹವನ್ನು ಹುಡುಕಿ ಬರುವ ಓದುಗರೂ ತಪ್ಪಿಹೋಗುತ್ತಾರೆ. ಬೇಡದ ಬಾಟ್‌ಗಳ ಹೆಸರನ್ನಷ್ಟೇ ಬರೆಯಿರಿ. ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಹೆಸರಿಗೆ ಬೇಡ ಎಂದರೆ, ಹುಡುಕಾಟಕ್ಕೆ ಧಕ್ಕೆಯಾಗದೆ ಜೆಮಿನಿ ಎಐ ತರಬೇತಿಗೆ ಮಾತ್ರ ನಿರಾಕರಿಸಬಹುದು.
- ಈ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಗುಟ್ಟಿನ ಪುಟದ ವಿಳಾಸವನ್ನು ಅಲ್ಲಿ ಬರೆದರೆ ಕಳ್ಳನಿಗೆ ನಾವೇ ದಾರಿ ತೋರಿಸಿದಂತೆ.
- ಈಗಾಗಲೇ ನಕಲಾಗಿರುವುದನ್ನು ಈ ಫೈಲ್ ಅಳಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮಾತು ಕೇಳದ ಬಾಟ್‌ಗಳನ್ನು ಸರ್ವರ್‌ನಲ್ಲೇ ತಡೆಯಬೇಕು. ನಿಮಗೆ ಹೋಸ್ಟಿಂಗ್ ಕೊಟ್ಟವರನ್ನು ಕೇಳಿದರೆ, ಬಾಟ್‌ನ ಹೆಸರು ಅಥವಾ ಐಪಿ ವಿಳಾಸ ನೋಡಿ ತಡೆಯುವ ಸೌಲಭ್ಯವಿದೆಯೇ ಎಂದು ತಿಳಿಯುತ್ತದೆ. ಕ್ಲೌಡ್‌ಫ್ಲೇರ್‌ನಂತಹ ಸೇವೆಗಳು ಎಐ ಬಾಟ್‌ಗಳನ್ನು ತಡೆಯುವ ಆಯ್ಕೆ ಕೊಡುತ್ತವೆ. ಇದೂ ಪೂರ್ತಿ ಭದ್ರವಲ್ಲ. ಕೆಲವು ಬಾಟ್‌ಗಳು ಹೆಸರು ಬದಲಿಸಿ, ಸಾಮಾನ್ಯ ಬ್ರೌಸರ್‌ನ ವೇಷದಲ್ಲಿ ಬರುತ್ತವೆ. ಮನೆಯವರಿಗೆ ಮಾತ್ರ ಕಾಣಬೇಕಾದ ಪುಟಕ್ಕೆ ಪಾಸ್‌ವರ್ಡ್ ಹಾಕಿ. ಆಧಾರ್ ಸಂಖ್ಯೆ, ಮಕ್ಕಳ ಶಾಲೆಯ ವಿವರಗಳನ್ನು ವೆಬ್‌ಸೈಟ್‌ಗೆ ಹಾಕಲೇಬೇಡಿ.

ಕೊನೆಯ ಮಾತು

ಫೈಲ್ ಹಾಕುವುದು ಒಳ್ಳೆಯದೇ, ಅದಕ್ಕೆ ಖರ್ಚೂ ಇಲ್ಲ. ಆದರೆ ಅದೊಂದೇ ಸಾಕು ಎಂಬುದು ತಪ್ಪು. ಅಂಥ ಸಂದೇಶ ನಿಮಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಉಳಿದರ್ಧವನ್ನೂ ಸೇರಿಸಿ ಕಳಿಸಿ.